ಪೆಂಬಾದ ಕಿವಿ, ಪಡುಪಾದೆಯ ಕಡಲು

ಅರ್ಧ ಗಂಟೆ ಕೂತು ಇದನ್ನು ಪೂರ್ತಿ ಕೇಳಿ, ದಮ್ಮಯ್ಯ. ಮಧ್ಯದಲ್ಲಿ ಎದ್ದು ಹೋಗಬೇಡಿ. ಅರ್ಧ ಕೇಳಿ ಎದ್ದವರೆಲ್ಲ ಒಂದೋ ನನ್ನನ್ನು ಹೊಗಳಿದ್ದಾರೆ, ಇಲ್ಲವೇ ಬೈದಿದ್ದಾರೆ. ಕೊನೆಯವರೆಗೆ ಕೇಳಿದವರು ಮಾತ್ರ ಸುಮ್ಮನೆ ಕೂತಿದ್ದಾರೆ. ನನಗೆ ಅವರೇ ಇಷ್ಟ.

ನಾನು ತನುಜಾ ಕುಂದರ್. ವಯಸ್ಸು ಇಪ್ಪತ್ತಮೂರು. ಊರು ಪಡುಪಾದೆ, ಕಾಪು ದೀಪಸ್ತಂಭದಿಂದ ಸ್ವಲ್ಪ ಬಡಗಿಗೆ. ಕೆಲಸ, ಕೇಳುವುದು. ನಗಬೇಡಿ, ಅದಕ್ಕೆ ಸಂಬಳ ಕೊಡುತ್ತಾರೆ, ಸಮವಸ್ತ್ರವೂ ಇದೆ.

ಜಿಗಣೆಯಿಂದ ಶುರು ಮಾಡುತ್ತೇನೆ. ನಾನು ಹುಟ್ಟುವ ಮುಂಚೆ ಮುಗಿದ ಯುದ್ಧದಲ್ಲಿ ಯಾರೋ ಸಮುದ್ರಕ್ಕೆ ಬಿತ್ತಿದ ಬಾಂಬುಗಳು ಅವು. ಸುಮ್ಮನೆ ತೇಲುವ ಬಾಂಬಲ್ಲ, ತಾವಾಗಿಯೇ ತೆವಳುತ್ತವೆ. ತಳದ ಮಣ್ಣಿನಲ್ಲಿ ಮಲಗಿರುತ್ತವೆ, ವರ್ಷಗಟ್ಟಲೆ. ಮೇಲೆ ದೋಣಿಯೊಂದು ನಿಂತರೆ ಎದ್ದು ನಿಧಾನಕ್ಕೆ ಅದರ ಅಡಿಗೆ ಬಂದು ಅಂಟಿಕೊಳ್ಳುತ್ತವೆ. ಅಂಟಿದ ಮೇಲೆ ಮುಗಿಯಿತು. ಓಡುವ ದೋಣಿಯನ್ನು ಹಿಡಿಯುವಷ್ಟು ವೇಗ ಅವಕ್ಕಿಲ್ಲ. ನಿಂತ ದೋಣಿಯೇ ಬೇಕು. ಆದರೆ ಬಲೆ ಬಿಟ್ಟು ಕಾಯುವ ಮೀನುಗಾರ ನಿಲ್ಲದೆ ಇನ್ನೇನು ಮಾಡುತ್ತಾನೆ? ವೈರ್‌ಲೆಸ್ಸು, ಮೊಬೈಲು ಹಾಕಿದರಂತೂ ಅವು ಆ ಅಲೆಗಳ ಜಾಡು ಹಿಡಿದೇ ಬರುತ್ತವೆ. ಹಾಗಾಗಿ ನಮ್ಮ ದೋಣಿಗಳಲ್ಲಿ ಎರಡೂ ಇಲ್ಲ. ಅಪ್ಪನ ಕಾಲದ ಹಾಗೆ ಪಾದೆಯ, ಅಂದರೆ ದಡದ ದೊಡ್ಡ ಬಂಡೆಯ, ಮೇಲೆ ಒಬ್ಬರು ನಿಂತು, ನೀರಿನ ಬಣ್ಣ ನೋಡಿ, ಮೀನು ಎತ್ತ ಇದೆಯೆಂದು ಬಟ್ಟೆ ಬೀಸಿ ಹೇಳುತ್ತಾರೆ. ಅದಕ್ಕೆ ನಾವು ತುಂಡು ಬೀಸುವುದು ಅನ್ನುತ್ತೇವೆ.

ಜಿಗಣೆಯನ್ನು ಹಿಡಿಯುವ ದಾರಿ ಒಂದೇ, ಅದು ತೆವಳುವ ಸದ್ದನ್ನು ಕೇಳುವುದು. ಸಮುದ್ರದ ತಳದಲ್ಲಿ ಹಾಸಿರುವ ಗಾಜಿನ ಎಳೆಗೆ ಸದ್ದು ತಾಗಿದರೆ ಒಳಗಿನ ಬೆಳಕು ನಡುಗುತ್ತದೆ. ಆ ನಡುಕವನ್ನು ಮತ್ತೆ ಸದ್ದಾಗಿ ಬದಲಿಸಿ ಕಿವಿಚಿಪ್ಪಿಗೆ ಕಳಿಸುತ್ತಾರೆ. ಕಿವಿಚಿಪ್ಪು ಅಂದರೆ ಕಿವಿಯ ಹಿಂದೆ, ದವಡೆಯ ಮೂಳೆಗೆ ಒತ್ತಿ ಕೂರುವ ಅಂಗೈಯಗಲದ ಸಾಧನ. ಅದನ್ನು ಹಾಕಿಕೊಂಡರೆ ನೀವು ಎಲ್ಲಿ ಗಮನ ಇಡುತ್ತೀರೋ ಅಲ್ಲಿಯ ಕಡಲು ಕೇಳಿಸುತ್ತದೆ. ಮಾತಾಡುವಂತಿಲ್ಲ. ದವಡೆ ಅಲ್ಲಾಡಿದರೆ ಎಲ್ಲ ಕಲಸಿಹೋಗುತ್ತದೆ.

ಕಂಪ್ಯೂಟರ್ ಯಾಕೆ ಕೇಳಬಾರದು ಅಂತ ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಕೇಳುತ್ತಿತ್ತು. ಆದರೆ ಕಂಪ್ಯೂಟರಿಗೆ ಏಡಿಯ ಹಾಗೆ, ಉರುಳುವ ಕಲ್ಲಿನ ಹಾಗೆ ಕೇಳಿಸುವುದನ್ನು ಜಿಗಣೆಗಳು ಕಲಿತವು. ಮನುಷ್ಯನ ಕಿವಿಗೆ ಮೋಸ ಮಾಡಲು ಇನ್ನೂ ಕಲಿತಿಲ್ಲ. ಹಾಗಂತ ನಮ್ಮೂರಿನವರನ್ನೇ ನಮ್ಮ ಕಡಲಿಗೆ ಕೂರಿಸಿದರೆ, ಮೊದಲ ಎರಡು ವರ್ಷದಲ್ಲಿ ಹನ್ನೊಂದು ಜಿಗಣೆಗಳು ಅವರ ಕಿವಿ ತಪ್ಪಿಸಿ ಬಂದವು! ಕಾರಣ ಗೊತ್ತಾದಾಗ ಎಲ್ಲರಿಗೂ ನಾಚಿಕೆ. ಘಟ್ಟದ ಮೇಲಿನ ನೆಂಟರು ನಮ್ಮ ಮನೆಗೆ ಬಂದರೆ ಅಲೆಯ ಸದ್ದಿಗೆ ನಿದ್ದೆಯೇ ಇಲ್ಲ ಅನ್ನುತ್ತಾರೆ. ನಾವು, ಯಾವ ಅಲೆ? ಅನ್ನುತ್ತೇವೆ. ಹುಟ್ಟಿದಾಗಿನಿಂದ ಕೇಳಿದ ಸದ್ದನ್ನು ಮೆದುಳು ಅಳಿಸಿಬಿಡುತ್ತದೆ, ಅದರ ಜೊತೆಗೆ ಹೊಸದಾಗಿ ಬಂದ ಸಣ್ಣ ಸದ್ದನ್ನೂ.

ಆಗ ಏಳು ದೇಶಗಳ ಕರಾವಳಿಗಳು ಸೇರಿ ಏಳು ತೀರಗಳ ಒಕ್ಕೂಟ ಕಟ್ಟಿಕೊಂಡವು. ಅದು ರಕ್ಷಣಾ ಒಪ್ಪಂದವೇ, ಸೈನ್ಯದವರೇ ನಡೆಸುವುದು. ಆದರೆ ಅದರ ಮೊದಲ ಷರತ್ತು ನೆರೆಮನೆಯವರ ಮಾತಿನ ಹಾಗಿದೆ. ನಿಮ್ಮ ಅಂಗಳ ನಾವು ಕಾಯುತ್ತೇವೆ, ನಮ್ಮ ಅಂಗಳ ನೀವು ಕಾಯಿರಿ. ನನ್ನ ಪಾಲಿಗೆ ಬಂದದ್ದು ಆಫ್ರಿಕಾದ ಪಕ್ಕದ ಪೆಂಬಾ ದ್ವೀಪದ ಕಡಲು. ಪಡುಪಾದೆಯ ಕಡಲು ಪೆಂಬಾದ ಜುಹುರಾ ಎಂಬವಳ ಪಾಲಿಗೆ.

ಜುಹುರಾಳನ್ನು ನಾನು ನೋಡಿಲ್ಲ. ಮಾತಾಡುವಂತೆಯೂ ಇಲ್ಲ, ಕೇಳುಗರ ನಡುವೆ ಸಲಿಗೆ ಬೆಳೆಯಬಾರದೆಂದು ನಿಯಮ. ಇರುವುದು ದಿನಚರಿ ಮಾತ್ರ. ಏನು ಕೇಳಿಸಿತೋ ಬರೆಯಬೇಕು, ಯಂತ್ರ ಅದನ್ನು ಅನುವಾದಿಸಿ ಆ ಕಡೆ ತೋರಿಸುತ್ತದೆ. ಯಂತ್ರದ ಕನ್ನಡ ಸರ್ಕಾರಿ ಸುತ್ತೋಲೆಯ ಹಾಗೆ. ಆ ಸುತ್ತೋಲೆಯನ್ನು ನಾನು ದಿನಾ ಮನೆಗೆ ತಂದು ಊಟದ ಹೊತ್ತಿಗೆ ಓದುತ್ತಿದ್ದೆ.

ಮನೆ ಅಂದರೆ ರೋಹಿಣಿ ಅಕ್ಕ, ಪುಷ್ಪರಾಜ ಭಾವ, ನಾನು. ದೋಣಿ ನಡೆಸುವುದು ಅಕ್ಕ. ಭಾವನ ಸೊಂಟ ಒಮ್ಮೆ ಬಲೆ ಎಳೆಯುವಾಗ ಹಿಡಿದದ್ದು ಬಿಟ್ಟೇ ಇಲ್ಲ, ಹಾಗಾಗಿ ಅಡುಗೆ ಅವರದ್ದು. ಇಡೀ ಕೇರಿಯಲ್ಲಿ ಅಂಥ ಬಂಗುಡೆ ಸಾರು ಯಾರೂ ಮಾಡುವುದಿಲ್ಲ, ಅದನ್ನು ಹೇಳಿಕೊಳ್ಳದೆ ಅವರೂ ಬಿಡುವುದಿಲ್ಲ.

"ಇವತ್ತೆಂತ ಬರೆದಿದ್ದಾಳೆ ನಿನ್ನ ಪೆಂಬಾದ ದೋಸ್ತಿ?" ಭಾವ ಕೇಳುತ್ತಿದ್ದರು.

ನಾನು ಓದುತ್ತಿದ್ದೆ. "ಆರು ಗಂಟೆ ಹತ್ತು ನಿಮಿಷ. ಮೂರು ಬಾರಿ ಕೆಮ್ಮಿ ಹೊರಡುವ ದೋಣಿ ಹೊರಟಿತು. ಹತ್ತು ನಲವತ್ತಕ್ಕೆ ಮರಳಿತು. ತೃಪ್ತಿಕರ."

"ಕೆಮ್ಮುದಾ? ಯಾರ ದೋಣಿಯಂತೆ ಕೆಮ್ಮುದು?" ಅಕ್ಕನಿಗೆ ಸಿಟ್ಟು. "ನಮ್ಮ ಇಂಜಿನ್ ಗಂಟಲು ಸರಿ ಮಾಡಿಕೊಳ್ಳುದು ಮಾರಾಯ್ತಿ. ಬರಿ ಅವಳಿಗೆ."

"ಕೆಮ್ಮುವ ದೋಣಿ, ಗೊರಕೆ ಹೊಡೆಯುವ ಯಜಮಾನಿ," ಎಂದರು ಭಾವ. "ಎರಡೂ ಪೆಂಬಾದವರೆಗೆ ಕೇಳಿಸ್ತದೆ."

"ನಿಮ್ಮ ಬಾಯಿಗೆ ಮುಳ್ಳು ಸಿಕ್ಕಲಿ."

ಬೈಯುತ್ತಿದ್ದಳು, ಆದರೆ ತೃಪ್ತಿಕರ ಅನ್ನುವ ಪದ ಅಕ್ಕನಿಗೆ ತುಂಬಾ ಹಿಡಿಸಿತ್ತು. ಮೀನು ಮಾರಿ ಬಂದರೂ ತೃಪ್ತಿಕರ, ಸಾರಿಗೆ ಹುಳಿ ಸರಿಯಾಗಿದ್ದರೂ ತೃಪ್ತಿಕರ.

ನಾನೂ ಬರೆಯುತ್ತಿದ್ದೆ. ಪೆಂಬಾದಲ್ಲಿ ಒಂದು ಹಾಯಿದೋಣಿ ಇತ್ತು, ಅದರ ಹಲಗೆಗೆ ಯಾರೋ ಹಿಮ್ಮಡಿಯಿಂದ ಟಕ್ ಟಕ್ ಬಡಿಯುತ್ತಿದ್ದರು, ಮಗುವನ್ನು ತಟ್ಟಿ ಮಲಗಿಸುವ ಲಯದಲ್ಲಿ. ಅದನ್ನು ಬರೆದ ಮರುದಿನ ಉತ್ತರ ಬಂತು. "ಹಿಮ್ಮಡಿಯ ಸದ್ದಿನ ಕುರಿತು: ಅದು ನನ್ನ ತಂದೆ. ಕಾಲು ಮರಗಟ್ಟುವ ತೊಂದರೆ. ಇದು ಅಧಿಕೃತ ಮಾಹಿತಿ ಅಲ್ಲ." ಅವತ್ತಿನಿಂದ ಅವರು ಕಡಲಿಗೆ ಹೋದರೆ ಮರಳುವವರೆಗೆ ನನಗೆ ನೀರು ಕುಡಿಯಲೂ ಮನಸ್ಸಾಗುತ್ತಿರಲಿಲ್ಲ. ಸಲಿಗೆ ಬೆಳೆಯಬಾರದಂತೆ! ದಿನಾ ಆರು ಗಂಟೆ ಹೊತ್ತು ಒಬ್ಬರ ಅಂಗಳಕ್ಕೆ ಕಿವಿಗೊಟ್ಟು ಕೂತವರಿಗೆ ಈ ಮಾತು ಹೇಳುವವರ ಬುದ್ಧಿಗೆ ಏನನ್ನಬೇಕು?

ಹೀಗಿರುವಾಗ ಆ ಆದೇಶ ಬಂತು.

ನಮ್ಮ ಕೇಳುಕೇಂದ್ರದ ಮುಖ್ಯಸ್ಥರು ಈರಣ್ಣ ಬೆಳವಡಿ ಸರ್. ಗದಗಿನ ಕಡೆಯವರು, ಸೈನ್ಯದಲ್ಲಿದ್ದವರು. ನಮ್ಮನ್ನೆಲ್ಲ ಕೂರಿಸಿಕೊಂಡು ಆದೇಶವನ್ನು ಎರಡು ಸಲ ಓದಿದರು. ದಕ್ಷಿಣದ ಆಳನೀರಿನಲ್ಲಿ, ಎಲ್ಲ ತೀರಗಳಿಂದಲೂ ಸಾವಿರಾರು ಮೈಲಿ ದೂರದಲ್ಲಿ, ಜನರಿಲ್ಲದ ಹಡಗುಗಳು ಓಡಾಡುತ್ತಿವೆ. ಯಾರವು ಅಂತ ಗೊತ್ತಿಲ್ಲ. ಹೊಸ ಜಿಗಣೆಗಳನ್ನು ಬಿತ್ತಲು ಬಂದಿವೆ ಎಂದು ಒಕ್ಕೂಟಕ್ಕೆ ಅನುಮಾನ. ಹಾಗಾಗಿ ಬರುವ ಸೋಮವಾರದಿಂದ ಬೆಳಗಿನ ಹೊತ್ತು ಎಲ್ಲ ಕೇಳುಗರೂ ಆಳನೀರಿಗೆ ಕಿವಿ ಇಡಬೇಕು. ತೀರದ ಕಡಲು ಆ ಹೊತ್ತಿಗೆ ಕಂಪ್ಯೂಟರಿನ ಪಾಲಿಗೆ.

ಬೆಳಗಿನ ಹೊತ್ತು. ಅಂದರೆ ಅಕ್ಕನ ದೋಣಿ ಕಡಲಲ್ಲಿ ನಿಂತಿರುವ ಹೊತ್ತು.

ಸುದ್ದಿ ಕೇಳಿದ್ದೇ ಅಕ್ಕ ಕೇಂದ್ರದ ಬಾಗಿಲಿಗೆ ಹೋಗಿ ಜಗಳ ತೆಗೆದಳು. ಬೆಳವಡಿ ಸರ್ ಬಿಸಿಲಲ್ಲಿ ನಿಂತು ಅರ್ಧ ಗಂಟೆ ಬೈಸಿಕೊಂಡರು. ಕೊನೆಗೆ ಭಾವ ಕುಂಟುತ್ತಾ ಬಂದು, "ಪಾಪ, ಅವರು ಊಟ ಮಾಡ್ಲಿ, ಆಮೇಲೆ ಬೈಯುವಾ," ಎಂದು ಮನೆಗೆ ಕರೆತಂದರು. ಸರ್ ಮೀನು ಮುಟ್ಟುವವರಲ್ಲ. ಅವರಿಗಾಗಿ ಭಾವ ಸಿಗಡಿ ಹಾಕದೆ ಬಸಳೆ ಗಸಿ ಮಾಡಿದರು. ಸಿಗಡಿ ಇಲ್ಲದ ಬಸಳೆ ಭಾವನ ದೃಷ್ಟಿಯಲ್ಲಿ ಮಹಾಪಾಪ, ಆದರೂ ಮಾಡಿದರು.

"ಅಲ್ಲ ಸರ್," ಅಕ್ಕ ಬಡಿಸುತ್ತಲೇ ಶುರು ಮಾಡಿದಳು, "ಹಾವು ಹೊಸಿಲಿಗೆ ಬಂದು ಕೂತಿದೆ. ನೀವು ಕೋಲು ಹಿಡಿದುಕೊಂಡು ಯಾವುದೋ ಕಾಡಿಗೆ ಹುಲಿ ಹುಡುಕ್ಲಿಕ್ಕೆ ಹೋಗುದಾ?"

ಸರ್ ತುತ್ತು ಕೆಳಗಿಟ್ಟರು. "ನಮ್ಮ ಕಡೆ ಹೊಲದಾಗ ಕಸಾ ಬೆಳೀತದವಾ. ನಾವು ಕುಂತು ಕೀಳತೀವಿ. ಆದ್ರ ಮ್ಯಾಲಿನ ಹೊಲದಾಗ ಕಸಾ ಹೂ ಬಿಟ್ಟು ಬೀಜ ಹಾರಾಕ ನಿಂತೈತಿ ಅಂದ್ರ? ಇಲ್ಲಿ ಎಷ್ಟ್ ಕಿತ್ರೂ ತೀರೂದಿಲ್ಲ. ಒಂದ್ ದಿನ ಇಲ್ಲಿ ಬಿಟ್ಟು ಅಲ್ಲಿ ಹೋಗಾಕಬೇಕು."

"ಆ ಒಂದು ದಿನ ಹೊಲದಲ್ಲಿ ಕೂತವಳು ನಾನು."

"ಗೊತ್ತೈತಿ." ಸರ್ ತಲೆ ಎತ್ತಲಿಲ್ಲ. "ಅದು ಗೊತ್ತಿದ್ದಽ ಉಣ್ಣಾಕ ಬಂದೀನಿ. ನಿಮ್ಮ ಮುಖಾ ನೋಡದ ಆ ಆದೇಶಕ್ಕ ಸಹಿ ಹಾಕೂದು ನನ್ನಿಂದ ಆಗಲಿಲ್ಲ."

ಅಕ್ಕ ಗಸಿಯ ಪಾತ್ರೆ ಹತ್ತಿರ ಎಳೆದುಕೊಂಡಳು. ಆಮೇಲೆ, "ಇನ್ನು ಸ್ವಲ್ಪ ಗಸಿ ಹಾಕ್ಲಾ ಸರ್?" ಎಂದಳು.

"ಹಾಕವಾ. ಭಾಳ ಚಲೋ ಆಗೇತಿ."

"ಸಿಗಡಿ ಹಾಕಿದ್ರೆ ನೋಡ್ಬೇಕಿತ್ತು," ಎಂದರು ಭಾವ.

ಸೋಮವಾರ, ಮಂಗಳವಾರ, ಬುಧವಾರ ನಾನು ಆಳನೀರು ಕೇಳಿದೆ. ಅದೊಂದು ಬೇರೆಯೇ ಲೋಕ. ಅಲ್ಲಿ ಏಡಿ ಇಲ್ಲ, ಹಲಗೆ ಇಲ್ಲ, ಯಾರ ಹಿಮ್ಮಡಿಯೂ ಇಲ್ಲ. ಇಡೀ ಆಕಾಶ ಉಸಿರಾಡುತ್ತಿರುವ ಹಾಗೆ ಒಂದು ದೊಡ್ಡ ಮೌನ. ನಿಜ ಹೇಳುತ್ತೇನೆ, ಚೆನ್ನಾಗಿತ್ತು! ಮನಸ್ಸು ಮಾತ್ರ ಕಿಟಕಿಯ ಆಚೆಗೆ ಓಡುತ್ತಿತ್ತು. ನಮ್ಮ ಕೇಂದ್ರ ಇರುವುದು ಪಾದೆಯ ನೆತ್ತಿಯ ಮೇಲೆ, ಕಿಟಕಿಯಿಂದ ಕೇರಿಯ ಒಂಬತ್ತು ದೋಣಿಗಳೂ ಕಾಣುತ್ತವೆ. ತೆಂಗಿನ ಚಿಪ್ಪು ತೇಲಿಬಿಟ್ಟ ಹಾಗೆ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಆ ಮೌನದೊಳಗೆ ಒಂದು ಸದ್ದು ಬಂತು. ಬಾವಿಗೆ ತೆಂಗಿನಕಾಯಿ ಬಿದ್ದ ಹಾಗೆ. ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೊಂದು. ಲೆಕ್ಕ ಹಾಕಿದ ಅಂತರದಲ್ಲಿ ಯಾರೋ ಏನನ್ನೋ ನೀರಿಗೆ ಬಿಡುತ್ತಿದ್ದರು.

ಬಿತ್ತನೆ.

ಇಲ್ಲಿ ಒಂದೇ ಒಂದು ತಾಂತ್ರಿಕ ವಿಷಯ ಹೇಳುತ್ತೇನೆ, ಬೇಸರ ಮಾಡಬೇಡಿ. ಸದ್ದು ಕೇಳಿಸಿದರೆ ಸಾಲದು, ಅದು ಎಲ್ಲಿ ಅಂತ ಗುರುತಾಗಬೇಕು. ಅಷ್ಟು ದೂರದ ಸದ್ದಿನ ಜಾಗ ಹಿಡಿಯಲು ಒಬ್ಬ ಕೇಳುಗ ಹನ್ನೊಂದು ನಿಮಿಷ ಎಡೆಬಿಡದೆ ಕೇಳಬೇಕು. ಮುಂದಿನ ಪರದೆಯಲ್ಲಿ ಹನ್ನೊಂದು ಎಸಳಿನ ಒಂದು ಹೂವಿದೆ, ನಿಮಿಷಕ್ಕೊಂದು ಎಸಳು ಬೆಳಗುತ್ತದೆ. ಹನ್ನೊಂದೂ ಬೆಳಗಿದರೆ ನಾಲ್ಕು ಮೈಲಿ ಅಗಲದೊಳಗೆ ಜಾಗ ಸಿಗುತ್ತದೆ, ಹೋಗಿ ಹೆಕ್ಕಬಹುದು. ಮಧ್ಯದಲ್ಲಿ ತಪ್ಪಿದರೆ ಎಲ್ಲ ಎಸಳೂ ಆರುತ್ತವೆ, ಉಳಿಯುವುದು ನಾನೂರು ಮೈಲಿಯ ಅಂದಾಜು. ಅವತ್ತು ಆ ಸದ್ದು ಏಳು ತೀರಗಳಲ್ಲಿ ನನ್ನೊಬ್ಬಳ ಕಿವಿಗೆ ಮಾತ್ರ ಬಿದ್ದಿತ್ತು.

ನಾನು ಉಸಿರು ಬಿಗಿಹಿಡಿದು ಕೂತೆ. ಒಂದನೇ ಎಸಳು. ಎರಡು. ಮೂರು.

ನಾಲ್ಕನೇ ಎಸಳು ಬೆಳಗಿದಾಗ ಪರದೆಯ ಮೂಲೆಯಲ್ಲಿ ದಿನಚರಿ ಮಿನುಗಿತು. ಜುಹುರಾ.

"ಅಧಿಕೃತವಲ್ಲ. ನಿಯಮ ಮೀರಿ ನಿಮ್ಮ ಕಡಲಿಗೆ ಕಿವಿ ತಿರುಗಿಸಿದ್ದೇನೆ. ಪ್ರತಿದಿನ ಸ್ವಲ್ಪ ಹೊತ್ತು ತಿರುಗಿಸುತ್ತೇನೆ. ಕೆಮ್ಮುವ ದೋಣಿ ಹಾಗೂ ಇತರ ದೋಣಿಗಳು ನಿಂತಿವೆ. ಕೆಳಗೆ ಮಣ್ಣು ಕೆರೆಯುವ ಸದ್ದು. ಹತ್ತಿರವಾಗುತ್ತಿದೆ. ಅವರನ್ನು ಅಲ್ಲಿಂದ ಎಬ್ಬಿಸಿ."

ನನ್ನ ಎದೆ ಬಡಿದುಕೊಂಡದ್ದು ಕಿವಿಚಿಪ್ಪಿಗೂ ಕೇಳಿಸಿರಬೇಕು, ನಾಲ್ಕನೇ ಎಸಳು ಒಮ್ಮೆ ಮಂಕಾಗಿ ಮತ್ತೆ ಬೆಳಗಿತು.

ದೋಣಿಗಳನ್ನು ಎಬ್ಬಿಸಲು ಸೈರನ್ ಇದೆ. ಕೂಗಿದರೆ ಎಲ್ಲರೂ ಇದ್ದದ್ದನ್ನು ಬಿಟ್ಟು ದಡಕ್ಕೆ ಬರುತ್ತಾರೆ. ಆದರೆ ಸೈರನ್ ಇರುವುದು ಇದೇ ಕಟ್ಟಡದ ಮಾಡಿನ ಮೇಲೆ. ಅದು ಕೂಗಿದರೆ ಗೋಡೆ ನಡುಗುತ್ತದೆ, ನನ್ನ ಮೂಳೆ ನಡುಗುತ್ತದೆ, ಹೂವು ಆರಿಹೋಗುತ್ತದೆ. ಕಿವಿಚಿಪ್ಪು ತೆಗೆದರೂ ಅಷ್ಟೇ, ಬಾಯಿ ತೆರೆದರೂ ಅಷ್ಟೇ.

ಕೈಗಳು ಬಿಡುವಾಗಿದ್ದವು. ಮೇಜಿನ ಮೇಲೆ ಬೆಳವಡಿ ಸರ್ ಅವರನ್ನು ಕರೆಯುವ ಗುಂಡಿ ಒತ್ತಿದೆ, ಅದು ಅವರ ಕೋಣೆಯಲ್ಲಿ ಕೆಂಪು ದೀಪ ಹೊತ್ತಿಸುತ್ತದೆ, ಸದ್ದು ಮಾಡುವುದಿಲ್ಲ. ಅವರು ಬರಬೇಕಾದರೆ ಕಟ್ಟಡದ ಆ ತುದಿಯಿಂದ ಬರಬೇಕು. ಕುರ್ಚಿಯ ಮೇಲೆ ಅವರದೇ ಮೈ ಒರೆಸುವ ಕಿತ್ತಳೆ ಬಣ್ಣದ ಬೈರಾಸು ಇತ್ತು. ಎತ್ತಿಕೊಂಡು, ತುಂಬಿದ ಕೊಡ ಹೊತ್ತವಳ ಹಾಗೆ ಕುತ್ತಿಗೆ ಅಲ್ಲಾಡಿಸದೆ, ಕಿಟಕಿಗೆ ಹೋದೆ. ಕಿವಿಚಿಪ್ಪಿನ ತಂತಿ ಅಲ್ಲಿಯವರೆಗೆ ಎಟುಕುತ್ತದೆ.

ದೋಣಿಗಳು ಬಲೆ ಬಿಟ್ಟಾದ ಮೇಲೆ ಆವತ್ತು ತುಂಡು ಬೀಸುವವರು ಪಾದೆ ಇಳಿದು ಹೋಗಿದ್ದರು. ತುಂಡಿನ ಭಾಷೆಯಲ್ಲಿ ಇರುವುದು ನಾಲ್ಕೇ ಮಾತು. ಮೀನು ತೆಂಕಿಗೆ. ಮೀನು ಬಡಗಿಗೆ. ಹಿಂಡು ದೊಡ್ಡದು. ಬಲೆ ಬಿಡಿ. ಅಪಾಯ ಅನ್ನುವ ಮಾತೇ ಅದರಲ್ಲಿಲ್ಲ. ಇದ್ದದ್ದರಲ್ಲೇ ನಾನೊಂದು ಸುಳ್ಳು ಹೇಳಿದೆ. ಬೈರಾಸನ್ನು ತಲೆಯ ಮೇಲೆ ಅಗಲಿಸಿ ಬಲಕ್ಕೆ ಬೀಸಿದೆ. ದೊಡ್ಡ ಹಿಂಡು, ಬಡಗಿಗೆ! ದೊಡ್ಡ ಹಿಂಡು, ಬಡಗಿಗೆ!

ಐದನೇ ಎಸಳು. ಕಿವಿಯ ತುಂಬ ಆ ದೂರದ ಬಾವಿಗೆ ಕಾಯಿಗಳು ಬೀಳುತ್ತಿದ್ದವು. ಕಣ್ಣೆದುರು ದೋಣಿಗಳು. ಒಂದು ತಿರುಗಿತು. ಎರಡು, ನಾಲ್ಕು, ಬಲೆ ಮೇಲೆಳೆದುಕೊಂಡು ನಾ ಮುಂದು ತಾ ಮುಂದು ಎಂದು ಬಡಗಿಗೆ ಓಡಿದವು. ನನಗೆ ಕುಣಿಯುವಷ್ಟು ಖುಷಿ! ಹತ್ತಿರದ್ದನ್ನು ಕಣ್ಣು ಕಾಯುತ್ತಿದೆ, ದೂರದ್ದನ್ನು ಕಿವಿ ಕಾಯುತ್ತಿದೆ. ಒಕ್ಕೂಟದ ಏಳು ಸೇನಾಪತಿಗಳಿಗೆ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ.

ಏಳನೇ ಎಸಳಿಗೆ ಎಂಟು ದೋಣಿಗಳು ಹೋಗಿದ್ದವು.

ಒಂದು ನಿಂತೇ ಇತ್ತು. ಅಕ್ಕನದು.

ಆಗ ನೆನಪಾಯಿತು ನನಗೆ, ನಮ್ಮ ಕೇರಿಯ ಕಟ್ಟಳೆ. ತುಂಡು ಬೀಸಿದವರ ಮನೆಯ ದೋಣಿ ಕೊನೆಗೆ ಹೋಗಬೇಕು. ಉಳಿದವರೆಲ್ಲ ಬಲೆ ಬಿಟ್ಟಾದ ಮೇಲೆ, ಮಿಕ್ಕರೆ ಮಾತ್ರ ಮನೆಯವರಿಗೆ. ಇಲ್ಲದಿದ್ದರೆ ಬೀಸುವವರು ತಮ್ಮವರ ಕಡೆಗೇ ಬೀಸಿಕೊಳ್ಳುತ್ತಾರಲ್ಲ. ಅಪ್ಪ ಪಾದೆಯ ಮೇಲೆ ನಿಲ್ಲುತ್ತಿದ್ದ ಇಪ್ಪತ್ತು ವರ್ಷ ನಮ್ಮ ದೋಣಿ ಎಲ್ಲರ ಬೆನ್ನು ನೋಡುತ್ತ ನಿಂತದ್ದೇ. ಈಗ ಕಿಟಕಿಯಲ್ಲಿ ತಂಗಿಯನ್ನು ಗುರುತಿಸಿದ ಅಕ್ಕ, ಇಂಜಿನ್ ಆರಿಸಿ, ಹಲಗೆಯ ಮೇಲೆ ಕಾಲು ಮಡಚಿ, ನೆಟ್ಟಗೆ ಕೂತಿದ್ದಳು. ಇಡೀ ಕೇರಿ ನೋಡಲಿ, ಕುಂದರ್ ಮನೆಯವರು ತಮ್ಮ ಸರದಿ ಕಾಯುತ್ತಾರೆ ಅನ್ನುವ ಹಾಗೆ. ನನ್ನ ಕಡೆಗೆ ಒಮ್ಮೆ ಕೈಯೂ ಎತ್ತಿದಳು.

ನಾನು ಮತ್ತೆ ಬೀಸಿದೆ. ಹುಚ್ಚಿಯ ಹಾಗೆ ಬೀಸಿದೆ. ಬೀಸಿದಷ್ಟೂ ಹಿಂಡು ದೊಡ್ಡದಿದೆ ಎಂದು ಅವಳಿಗೆ ತಿಳಿಯಿತು, ಇನ್ನಷ್ಟು ಗಟ್ಟಿಯಾಗಿ ಕೂತಳು.

ಬೆಳವಡಿ ಸರ್ ಬರಿಗಾಲಲ್ಲಿ ಸದ್ದಿಲ್ಲದೆ ಬಂದರು. ಪರದೆ ಓದಿದರು. ಕಿಟಕಿಯಾಚೆ ನೋಡಿದರು. ಅವರಿಗೆ ತುಂಡಿನ ಭಾಷೆ ಗೊತ್ತಿಲ್ಲ, ಆದರೆ ಒಂಟಿ ದೋಣಿ ಕಂಡಿತು. ಪಾದೆ ಇಳಿದು ದಡಕ್ಕೆ ಓಡಿ ಕೂಗಲು ಆರು ನಿಮಿಷ ಬೇಕು. ಜೇಬಿನಿಂದ ಸೈರನ್ನಿನ ಕೀಲಿ ತೆಗೆದು ಗೋಡೆಯ ಪೆಟ್ಟಿಗೆಗೆ ಹಾಕಿದರು. ಹೂವು ನೋಡಿದರು. ಎಂಟನೇ ಎಸಳು ಬೆಳಗಿತು.

ಅವರು ನನ್ನ ಕಿವಿಗೆ ಬಿಸಿಯುಸಿರು ತಾಗುವಷ್ಟು ಹತ್ತಿರ ಬಂದು, ಸದ್ದೇ ಅಲ್ಲದ ಸದ್ದಿನಲ್ಲಿ ಹೇಳಿದರು. "ಇನ್ನ ಮೂರು ನಿಮಿಷ ತಂಗಿ. ನಾ ಹೇಳೂದಿಲ್ಲ. ಆಕಿ ನಿಮ್ಮಕ್ಕ, ಕಿವಿ ನಿಂದು. ನೀ ಏನಂತಿ ಅದು."

ಆ ಮೂರು ನಿಮಿಷದ ತುದಿಯಲ್ಲಿ ಏನಿದೆ ಅಂತ ನನಗೆ ಸರಿಯಾಗಿ ಗೊತ್ತಿತ್ತು. ಆಳನೀರಿನ ಪ್ರವಾಹ ಪಶ್ಚಿಮಕ್ಕೆ ಹರಿದು ಮೊದಲು ಮುಟ್ಟುವುದು ಆಫ್ರಿಕಾದ ದಡವನ್ನು. ಆಮೇಲೆ ಬಡಗಿಗೆ ತಿರುಗುತ್ತದೆ. ಹೊಸ ಜಿಗಣೆಗಳು ಆಳವಿಲ್ಲದ ತಳ ಸಿಗುವವರೆಗೆ ಅದರ ಜೊತೆಗೇ ತೇಲಿ ಬರುತ್ತವೆ. ಅಲ್ಲಿ ಬಿತ್ತಿದ್ದು ನಾಲ್ಕು ತಿಂಗಳಲ್ಲಿ ಪೆಂಬಾಕ್ಕೆ ಬರುತ್ತದೆ. ನನಗೆ ದೂರದ ಅಪಾಯ, ಜುಹುರಾಳಿಗೆ ಹೊಸಿಲಿನದು. ಅವಳು ನಿಯಮ ಮುರಿದು ನನ್ನ ಅಕ್ಕನನ್ನು ಕಾದಿದ್ದಾಳೆ. ಈ ಮೂರು ನಿಮಿಷ ಅವಳ ಅಪ್ಪನವು.

ಕಿಟಕಿಯಾಚೆ ಅಕ್ಕ ತಲೆಗೆ ಸೆರಗು ಎಳೆದುಕೊಂಡಳು, ಬಿಸಿಲಿಗೆ.

"ಒತ್ತಿ ಸರ್," ಎಂದೆ.

ಮಾತಿಗೇ ಎಂಟು ಎಸಳುಗಳೂ ಆರಿದವು. ಸೈರನ್ ಆಮೇಲೆ ಕೂಗಿತು.

ಅಕ್ಕ ದಡಬಡಿಸಿ ಎದ್ದಳು. ಬಲೆಯನ್ನೂ ತೇಲುಡಬ್ಬವನ್ನೂ ಅಲ್ಲೇ ಬಿಟ್ಟು ದಡಕ್ಕೆ ಹೊರಟಳು. ಅವಳು ದೂರ ಬಂದ ಮೇಲೆ, ಆ ಡಬ್ಬ ಇದ್ದ ಜಾಗದಲ್ಲಿ ನೀರು ತೆಂಗಿನಮರದೆತ್ತರಕ್ಕೆ ಎದ್ದು ಬಿತ್ತು. ಕಿಟಕಿಯ ಗಾಜು ಗಲಗಲ ಅಂದಿತು. ಬೆಳವಡಿ ಸರ್ ಪೆಟ್ಟಿಗೆಯಿಂದ ಕೀಲಿ ತೆಗೆದರು. ನಾನು ಅವರ ಬೈರಾಸಿನಲ್ಲೇ ಮುಖ ಮುಚ್ಚಿಕೊಂಡೆ.

ಮನೆಗೆ ಹೋದರೆ ಅಕ್ಕ ಜಗಲಿಯ ಮೇಲೆ ಕೂತಿದ್ದಳು, ಕಾಲು ಇನ್ನೂ ಒದ್ದೆ.

"ಸುಳ್ಳು ತುಂಡು ಬೀಸಿದ್ಯಾ?" ಅದೇ ಮೊದಲ ಮಾತು.

"ಹೌದು."

"ಅಪ್ಪ ಇದ್ದಿದ್ರೆ ನಿನ್ನನ್ನು ಪಾದೆ ಹತ್ತಲಿಕ್ಕೇ ಬಿಡ್ತಿರಲಿಲ್ಲ."

"ನೀನು ಎದ್ದು ಹೋಗಿದ್ರೆ ಎಂತ ಆಗ್ತಿತ್ತು? ಅಷ್ಟು ಬೀಸಿದೆ!"

"ನೀನು ಬೀಸಿದ್ದಕ್ಕೇ ಕೂತದ್ದಲ್ಲವಾ ನಾನು!" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಭಾವ ಒಂದೂ ಚೇಷ್ಟೆಯ ಮಾತಾಡದೆ ಬಡಿಸಿದರು. ದೊಡ್ಡ ಬಂಗುಡೆ ಅಕ್ಕನ ತಟ್ಟೆಗೆ ಹಾಕಿದರು, ಅಕ್ಕ ಅದನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು. ನಾನು ಹೂವಿನ ಕಥೆ, ಮೂರು ನಿಮಿಷದ ಕಥೆ, ಪ್ರವಾಹದ ಕಥೆ ಎಲ್ಲ ಹೇಳಿದೆ. ಅಕ್ಕ ಕೈ ತೊಳೆಯಲಿಲ್ಲ, ಅನ್ನ ಕೈಯಲ್ಲೇ ಒಣಗಿತು.

"ಹಾಗಾದ್ರೆ ಅವಳ ಅಪ್ಪ?" ಎಂದು ಕೇಳಿದಳು.



ಹದಿನೈದು ದಿನ ಬಿಟ್ಟು ವಿಚಾರಣೆ ನಡೆಯಿತು, ಪರದೆಯ ಮೇಲೆ. ಏಳು ತೀರಗಳಿಂದ ಏಳು ಮಂದಿ. ಬೆಳವಡಿ ಸರ್ ನನಗಿಂತ ಮುಂಚೆ ಎದ್ದು, "ಸೈರನ್ ಒತ್ತಿದ ಕೈ ನಂದರೀ," ಎಂದರು. ನಾನು, "ಹೇಳಿದ ಬಾಯಿ ನನ್ನದು," ಎಂದೆ. ಅವರು ಯಾರಿಗೂ ಕಠಿಣ ಶಿಕ್ಷೆ ಕೊಡಲಿಲ್ಲ. ಜುಹುರಾಳಿಗೂ ಎಚ್ಚರಿಕೆಯ ಪತ್ರ ಮಾತ್ರ. ನಿಯಮವನ್ನೇ ಬದಲಾಯಿಸಿದರು. ಈಗ ಬೆಳಿಗ್ಗೆ ಎಲ್ಲ ಕಿವಿಗಳೂ ತೀರದ ಕಡೆಗೆ, ದೋಣಿಗಳು ದಡ ಸೇರಿದ ಮೇಲೆ ಆಳನೀರಿನ ಕಡೆಗೆ. ಸೈರನ್ನನ್ನು ದಡದ ಮರಳಿಗೆ ಇಳಿಸಿದರು. ಇಷ್ಟು ಸರಳ ಕೆಲಸ ಮೊದಲೇ ಯಾಕೆ ಮಾಡಲಿಲ್ಲ ಎಂದು ನೀವು ಕೇಳಿದರೆ, ಆ ಏಳು ಮಂದಿಯೂ ತಲೆ ತಗ್ಗಿಸಿಯೇ ಸಹಿ ಹಾಕಿದರು ಅಂತಷ್ಟೇ ನಾನು ಹೇಳಬಲ್ಲೆ.

ಆದರೆ ವಿಚಾರಣೆಯ ಕಾಗದದಲ್ಲಿ ಒಂದು ಸಾಲಿತ್ತು. ಸೈರನ್ ಕೂಗಿದ್ದಕ್ಕೂ ಜಿಗಣೆ ಸಿಡಿದದ್ದಕ್ಕೂ ನಡುವೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ಎಷ್ಟು ಸಲ ಓದಿದ್ದೇನೋ ಆ ಸಾಲನ್ನು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನಾನು ಮೂರು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಹೂವು ತುಂಬುತ್ತಿತ್ತು, ಆಮೇಲೂ ಅಕ್ಕನಿಗೆ ಎದ್ದು ಹೊರಡಲು ಒಂದು ನಿಮಿಷ ಇಪ್ಪತ್ತು ಸೆಕೆಂಡು ಉಳಿಯುತ್ತಿತ್ತು. ಸಾಲುತ್ತಿತ್ತು ಅನ್ನುತ್ತಾಳೆ ಅಕ್ಕ. ಇಂಜಿನ್ ಅಷ್ಟು ಬೇಗ ಏಳುವುದಿಲ್ಲ ಅನ್ನುತ್ತಾರೆ ಭಾವ. ಜಿಗಣೆ ನಿಂತ ದೋಣಿಯ ಕಡೆಗೆ ಡಬ್ಬದ ಕಡೆಗಿಂತ ಬೇಗ ಬರುತ್ತಿತ್ತು ಅನ್ನುತ್ತಾರೆ ಬೆಳವಡಿ ಸರ್. ಮೂವರೂ ನನ್ನನ್ನು ಪ್ರೀತಿಸುವವರು, ಹಾಗಾಗಿ ಮೂವರ ಲೆಕ್ಕವನ್ನೂ ನಾನು ನಂಬುವುದಿಲ್ಲ.

ಜುಹುರಾಳಿಗೆ ನಾನೇ ಬರೆದೆ. ಎಂಟು ಎಸಳು, ಮೂರು ನಿಮಿಷ, ನಾನೂರು ಮೈಲಿ, ಒಂದನ್ನೂ ಮುಚ್ಚಿಡಲಿಲ್ಲ. ಮೂರು ದಿನ ಅವಳ ದಿನಚರಿಯಲ್ಲಿ ಬರೀ ಹೊತ್ತು, ದೋಣಿ, ಅಲೆ. ನಾಲ್ಕನೇ ದಿನ ಇದು ಬಂತು.

"ಅಧಿಕೃತವಲ್ಲ. ಕೆಮ್ಮುವ ದೋಣಿ ಬದುಕಿದೆಯೇ ಎಂದು ತಂದೆ ವಿಚಾರಿಸಿದರು. ಹೌದು ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಉಳಿದದ್ದನ್ನು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ."

ಅಕ್ಕ ಅದನ್ನು ಕೇಳಿ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ಆ ನಾಲ್ಕು ತಿಂಗಳಲ್ಲಿ ಮೂರು ಮುಗಿದಿವೆ. ಆಳನೀರಿನಲ್ಲಿ ಹುಡುಕುವ ಹಡಗುಗಳು ನಾನೂರು ಮೈಲಿಯನ್ನು ಗುಡಿಸುತ್ತಿವೆ. ಹತ್ತೊಂಬತ್ತು ಜಿಗಣೆ ಹೆಕ್ಕಿದ್ದಾರೆ. ಒಟ್ಟು ಎಷ್ಟು ಬಿತ್ತಿದ್ದರೆಂದು ಯಾರಿಗೂ ಗೊತ್ತಿಲ್ಲ. ನಾನು ಸರದಿ ಮುಗಿದರೂ ಏಳದೆ ಪೆಂಬಾದ ಕಡಲು ಕೇಳುತ್ತೇನೆ, ಬೆಳವಡಿ ಸರ್ ನೋಡಿಯೂ ನೋಡದವರ ಹಾಗೆ ದೀಪ ಹಾಕಿಟ್ಟು ಹೋಗುತ್ತಾರೆ. ಇಲ್ಲಿಯವರೆಗೆ ಏನೂ ಕೇಳಿಸಿಲ್ಲ. ಏನೂ ಕೇಳಿಸದ ದಿನ ಖುಷಿಯಾಗಬೇಕು, ಆದರೆ ನನಗೆ ಭಯವಾಗುತ್ತದೆ. ಅಷ್ಟು ದಿನ ಕೇಳಿ ಕೇಳಿ ಅದು ನನ್ನದೇ ಕಡಲಾಗಿಬಿಟ್ಟಿದೆಯೇನೋ, ನನ್ನ ಕಿವಿ ಅದನ್ನೂ ಅಳಿಸತೊಡಗಿದೆಯೇನೋ ಎಂದು. ಮುಂದಿನ ವಾರದಿಂದ ಪೆಂಬಾಕ್ಕೆ ಹೊಸ ಕಿವಿ ಹಾಕಿ ಎಂದು ನಾನೇ ಅರ್ಜಿ ಬರೆದಿದ್ದೇನೆ. ಬರೆದು ಇನ್ನೂ ಕೊಟ್ಟಿಲ್ಲ, ಕೈ ಬರುತ್ತಿಲ್ಲ.

ಇಷ್ಟೇ. ಪೂರ್ತಿ ಹೇಳಿದೆ, ಪೂರ್ತಿ ಕೇಳಿದಿರಿ. ಈಗ ನೀವು ಹೇಳಿ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನ ವಿಷಯ ಮರೆತುಬಿಡಿ, ಅದು ಆವತ್ತು ನನಗೆ ಗೊತ್ತಿರಲಿಲ್ಲ. ಎಂಟನೇ ಎಸಳು ಬೆಳಗಿದೆ, ಕಿಟಕಿಯಾಚೆ ನಿಮ್ಮ ಅಕ್ಕ ತಲೆಗೆ ಸೆರಗು ಎಳೆದುಕೊಂಡು ತನ್ನ ಸರದಿ ಕಾಯುತ್ತ ಕೂತಿದ್ದಾಳೆ, ಗೋಡೆಯ ಹತ್ತಿರ ಒಬ್ಬರು ಕೀಲಿ ಹಿಡಿದು ನಿಮ್ಮ ಬಾಯಿ ನೋಡುತ್ತಿದ್ದಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?